ಲಿಂಡೆನ್ ಹೌಸಿನ ಫ್ರಿಜ್ಜು

ಜನವರಿ ಹದಿನಾಲ್ಕು, ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ವಿನಿಪೆಗ್ ಪೊಲೀಸ್ ಠಾಣೆಗೆ ಬಂದ ದೂರು ಮನೆಗಳ್ಳತನದ್ದಲ್ಲ, ಹೊಡೆದಾಟದ್ದಲ್ಲ. ಎರಡು ಬಾಟಲಿ ಸಿರಪ್ಪಿನದು. ಮುಂದಿನ ಮೇಜಿನಲ್ಲಿ ಕೂತವನಿಗೆ ಇದನ್ನು ಯಾವ ಕಲಮಿನ ಕೆಳಗೆ ಬರೆದುಕೊಳ್ಳಬೇಕೆಂದು ತಿಳಿಯಲಿಲ್ಲ. ದೂರು ತಂದ ಡಾಕ್ಟರರನ್ನು ಸೀದಾ ಸಾರ್ಜೆಂಟ್ ಲೂಬಾ ಕೋವಲಳ ಕೋಣೆಗೆ ಕಳಿಸಿ ಕೈತೊಳೆದುಕೊಂಡ. ತಲೆಬುಡ ತಿಳಿಯದ್ದನ್ನೆಲ್ಲ ಲೂಬಾಳ ತಲೆಗೆ ಕಟ್ಟುವುದು ಆ ಠಾಣೆಯ ವಾಡಿಕೆ.

ಲೂಬಾ ಸಿಗರೇಟು ಬಿಟ್ಟ ಹೊಸದು. ಕೂತರೆ ಏಳಬೇಕು, ಎದ್ದರೆ ಓಡಾಡಬೇಕು ಅನ್ನಿಸುವ ದಿನಗಳು. ಹೊರಗೆ ಮೈನಸ್ ಮೂವತ್ತನಾಲ್ಕು ಡಿಗ್ರಿ. ಹಿಂದಿನ ದಿನ ಮನೆಗೆ ಹೋದವಳು ಚಳಿಗೆ ಎಂಜಿನ್ನು ಹೆಪ್ಪುಗಟ್ಟದಂತೆ ಕಾಯಿಸುವ ಕರೆಂಟಿನ ವೈರನ್ನು ಕಾರಿಗೆ ಸಿಕ್ಕಿಸಲು ಮರೆತು, ಬೆಳಿಗ್ಗೆ ಎಂಜಿನ್ನು ಮಿಸುಕದೆ, ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದಳು. ಡಾಕ್ಟರ್ ಮೌರೀನ್ ಟಲ್ಲಿ ತಮ್ಮ ಕೋಟಿನ ಗುಂಡಿ ಬಿಚ್ಚುವಷ್ಟರಲ್ಲಿ ಅವಳು ಕಿಟಕಿಗೂ ಬಾಗಿಲಿಗೂ ಎರಡು ಸಲ ನಡೆದಾಗಿತ್ತು.

ಟಲ್ಲಿ ಸೇಂಟ್ ಬ್ರೆಂಡನ್ ಮಕ್ಕಳ ಆಸ್ಪತ್ರೆಯಲ್ಲಿ ಫಿಟ್ಸ್ ಕಾಯಿಲೆಯ ವೈದ್ಯೆ. ಅವರು ಹೇಳಿದ್ದು ಇಷ್ಟು. ಹುಟ್ಟಿನಿಂದಲೇ ಬರುವ ಒಂದು ಬಗೆಯ ಫಿಟ್ಸ್ ಇದೆ. ಸ್ವಲ್ಪ ಜ್ವರ ಬಂದರೂ ಸಾಕು, ಬಿಸಿನೀರಿನ ಸ್ನಾನ ಮಾಡಿಸಿದರೂ ಸಾಕು, ಮಗು ಸೆಟೆದುಕೊಳ್ಳುತ್ತದೆ. ಇರುವ ಔಷಧಿಗಳು ಅದಕ್ಕೆ ಬಗ್ಗುವುದಿಲ್ಲ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅದೇ ದೋಷವಿರುವ ಪುಟ್ಟ ಮೀನುಗಳನ್ನು ಸಾಕಿದ್ದಾರೆ. ಅವಕ್ಕೂ ಫಿಟ್ಸ್ ಬರುತ್ತದೆ. ಅವುಗಳ ನೀರಿಗೆ ಹಳೆಯ ಔಷಧಿಗಳನ್ನು ಒಂದೊಂದಾಗಿ ಹಾಕುತ್ತ ಹೋದಾಗ, ದೊಡ್ಡವರ ಖಿನ್ನತೆಗೆಂದು ಎಷ್ಟೋ ವರ್ಷಗಳಿಂದ ಕೊಡುತ್ತಿರುವ ಒಂದು ಮಾತ್ರೆ ಮೀನುಗಳನ್ನು ಸುಮ್ಮನಾಗಿಸಿತು. ಅದು ಮಕ್ಕಳಿಗೂ ಆಗುತ್ತದೆಯೇ ಎಂಬುದು ಈಗಿನ ಪ್ರಶ್ನೆ. ಸೇರಿದ ಮಕ್ಕಳಲ್ಲಿ ಅರ್ಧ ಮಂದಿಗೆ ಆ ಔಷಧಿ ಕಲಸಿದ ಸಿರಪ್ಪು, ಇನ್ನರ್ಧಕ್ಕೆ ಏನೂ ಇಲ್ಲದ ಸುಳ್ಳು ಸಿರಪ್ಪು. ಯಾರಿಗೆ ಯಾವುದು ಎಂದು ಹೆತ್ತವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಔಷಧಿ ತಯಾರಿಸುವವನೊಬ್ಬನಿಗೆ ಮಾತ್ರ ಗೊತ್ತು.

"ಮೀನಿಗೆ ಫಿಟ್ಸು, ಮೀನಿಗೆ ಖಿನ್ನತೆ ಮಾತ್ರೆ," ಅಂದ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ರೊಮೆಲ್ ಡಿಮಾಯುಗ. "ನಮ್ಮಮ್ಮ ಹುಣಸೆಹಣ್ಣು ಹಾಕಿ ಸಾರು ಮಾಡಿಬಿಡ್ತಾಳೆ."

"ನಿಮ್ಮಮ್ಮನ್ನ ಬಿಟ್ಟು ಬೇರೆ ಎಲ್ಲ ಬರ್ಕೋ," ಅಂದಳು ಲೂಬಾ.

ದೂರು ಮುಂದುವರಿಯಿತು. ಭಾನುವಾರ ಟೆಸ್ಸಾ ವಾರ್ಕೆಂಟಿನ್ ಎಂಬ ಏಳು ವರ್ಷದ ಹುಡುಗಿಗೆ ಬಂದ ಫಿಟ್ಸ್ ನಿಲ್ಲಲೇ ಇಲ್ಲ. ಈಗ ಅವಳನ್ನು ತೀವ್ರ ನಿಗಾ ಘಟಕದಲ್ಲಿ ಔಷಧಿಯ ನಿದ್ದೆಯಲ್ಲಿಟ್ಟಿದ್ದಾರೆ. ಇಂಥ ಸಂದರ್ಭದಲ್ಲಿ ಗುಟ್ಟು ಒಡೆದು ನೋಡಲು ನಿಯಮವಿದೆ. ನೋಡಿದರೆ, ಟೆಸ್ಸಾಳಿಗೆ ಹಂಚಿಕೆಯಾಗಿದ್ದದ್ದು ನಿಜವಾದ ಔಷಧಿ; ಅವಳ ರಕ್ತದಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಟಲ್ಲಿಯವರಿಗೆ ಅನುಮಾನ ಬಂದು, ಕ್ರಿಸ್‌ಮಸ್‌ನಿಂದೀಚೆಗೆ ಇದ್ದಕ್ಕಿದ್ದಂತೆ ಫಿಟ್ಸ್ ನಿಂತಿದ್ದ ಇನ್ನೊಂದು ಮಗುವಿನ ರಕ್ತ ನೋಡಿದರು. ಐದು ವರ್ಷದ ಟ್ರೇ ಮಸ್ವಾಗನ್. ಅವನದು ಸುಳ್ಳು ಸಿರಪ್ಪು, ಆದರೆ ರಕ್ತದ ತುಂಬ ಔಷಧಿ. ಎರಡೂ ಕುಟುಂಬಗಳು ಇರುವುದು ಆಸ್ಪತ್ರೆಯ ಎದುರಿನ ಲಿಂಡೆನ್ ಹೌಸಿನಲ್ಲಿ. ದೂರದ ಊರುಗಳಿಂದ ಬಂದವರು ತಂಗುವ ಮನೆ ಅದು. ಒಂದೇ ಅಡುಗೆಮನೆ, ಒಂದೇ ಫ್ರಿಜ್ಜು.

"ಅದಲುಬದಲು ಯಾರೋ ಬೇಕಂತಲೇ ಮಾಡಿದ್ದು," ಅಂದರು ಟಲ್ಲಿ. "ಬಾಟಲಿ ಮೇಲೆ ಮಗುವಿನ ಹೆಸರಿರತ್ತೆ. ಕೈತಪ್ಪಿ ಆಗೋ ಕೆಲಸ ಅಲ್ಲ."

"ಯಾರಿಗೆ ಲಾಭ ಆಯ್ತು?"

"ಟ್ರೇಗೆ."

ಹೇಳಿದ ಮೇಲೆ ಅವರ ಮುಖ ಸಣ್ಣದಾಯಿತು. ನಿಯಮದ ಪ್ರಕಾರ ಆಸ್ಪತ್ರೆಯವರು ಮಕ್ಕಳ ರಕ್ಷಣಾ ಇಲಾಖೆಗೆ ಆಗಲೇ ತಿಳಿಸಿಬಿಟ್ಟಿದ್ದರು. ಗುರುವಾರ ಮಧ್ಯಾಹ್ನ ಮೂರಕ್ಕೆ ಇಲಾಖೆಯವರು ಬರುತ್ತಾರೆ. ಅಷ್ಟರೊಳಗೆ ಪೊಲೀಸರು ಬೇರೆ ಏನಾದರೂ ಹೇಳದಿದ್ದರೆ ಟ್ರೇಯನ್ನು ತಾಯಿಯಿಂದ ಬಿಡಿಸಿ ಕರೆದೊಯ್ಯುತ್ತಾರೆ. ತಾಯಿ ಡೀಲಿಯಾ ಮಸ್ವಾಗನ್ ಉತ್ತರದ ಕ್ರಾಸ್ ಲೇಕಿನವಳು, ಕ್ರೀ ಎಂಬ ಮೂಲನಿವಾಸಿ ಜನಾಂಗದ ಹೆಂಗಸು. ಕ್ರೀ ಮಕ್ಕಳನ್ನು ಇಲಾಖೆ ಒಮ್ಮೆ ಎತ್ತಿಕೊಂಡಿತೆಂದರೆ ಮನೆಗೆ ಮರಳಲು ವರ್ಷಗಳೇ ಬೇಕು. ಕೆಲವರು ಮರಳುವುದೇ ಇಲ್ಲ. ಈ ಊರಿನಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಲೂಬಾ ನಿಕೋಟಿನ್ ಗಮ್ಮಿನ ಪೊಟ್ಟಣ ಹುಡುಕಿಕೊಂಡು ಕೋಟು ಹಾಕಿಕೊಂಡಳು.

ಲಿಂಡೆನ್ ಹೌಸನ್ನು ನಡೆಸುವವಳು ಲೊರೆಟ್ಟಾ ಗೋಡ್ರಿ. ಅರವತ್ತು ದಾಟಿದ ಗಟ್ಟಿಗಿತ್ತಿ. ಪೊಲೀಸರ ಬೂಟುಗಳನ್ನು ಬಾಗಿಲಲ್ಲೇ ಬಿಚ್ಚಿಸಿದಳು. ಹೀಗಾಗಿ ಆ ದಿನದ ಮಹಜರು ಸಾರ್ಜೆಂಟ್ ಮತ್ತು ಕಾನ್‌ಸ್ಟೇಬಲ್ ಇಬ್ಬರೂ ಕಾಲುಚೀಲದಲ್ಲಿ ನಿಂತು ಮಾಡಿದ್ದು. ರೊಮೆಲ್‌ನ ಎಡಗಾಲಿನದು ಹೆಬ್ಬೆರಳಿನ ಹತ್ತಿರ ತೂತಾಗಿತ್ತು. ಅದನ್ನು ಮುಚ್ಚಲು ಅವನು ಕೊನೆಯವರೆಗೂ ಒಂದು ಕಾಲಿನ ಮೇಲೆ ಇನ್ನೊಂದನ್ನಿಟ್ಟುಕೊಂಡೇ ಫೋಟೋ ತೆಗೆದ.

ಫ್ರಿಜ್ಜಿನಲ್ಲಿ ಒಂದೊಂದು ಕೋಣೆಗೆ ಒಂದೊಂದು ಪ್ಲಾಸ್ಟಿಕ್ ಡಬ್ಬ. ಔಷಧಿಯೂ ಅದರಲ್ಲೇ, ಮೊಸರೂ ಅದರಲ್ಲೇ. ಬೀಗವೇಕಿಲ್ಲ ಎಂದು ಲೂಬಾ ಕೇಳಿದ್ದಕ್ಕೆ, ಬೀಗ ಹಾಕಿದರೆ ಇದೂ ಆಸ್ಪತ್ರೆಯೇ ಆಗುತ್ತದಲ್ಲ ಎಂದು ಲೊರೆಟ್ಟಾ ಮರುಪ್ರಶ್ನೆ ಹಾಕಿದಳು. ಡೀಲಿಯಾ ಕಡವೆ ಮಾಂಸದ ಸಾರು ಮಾಡಿದ ದಿನ ಟೆಸ್ಸಾಳ ಅಪ್ಪ ಆರ್ಲಿನ್‌ಗೂ ಒಂದು ಬಟ್ಟಲು. ಆರ್ಲಿನ್ ಊರಿನಿಂದ ಸಾಸೇಜು ತಂದ ದಿನ ಡೀಲಿಯಾಳಿಗೂ ಒಂದು ತುಂಡು. ಮಕ್ಕಳಿಗೆ ಸಿರಪ್ಪು ಕುಡಿಸುತ್ತಿದ್ದದ್ದೂ ಒಂದೇ ಹೊತ್ತಿಗೆ, ಒಂದೇ ಮೇಜಿನಲ್ಲಿ. ಇಬ್ಬರಲ್ಲಿ ಯಾರ ಮೇಲೂ ಅನುಮಾನ ಪಡಲು ಲೊರೆಟ್ಟಾ ತಯಾರಿರಲಿಲ್ಲ.

"ಇಲ್ಲಿರೋರೆಲ್ಲ ನಿದ್ದೆಗೆಟ್ಟೋರು, ಮಗಳೇ. ನಿದ್ದೆಗೆಟ್ಟೋರು ಒಬ್ಬರಿಗೊಬ್ಬರು ಮೋಸ ಮಾಡಲ್ಲ."

ಮಾಡುತ್ತಾರೆ ಎಂದು ಲೂಬಾಳಿಗೆ ಗೊತ್ತಿತ್ತು. ನಿದ್ದೆಗೆಟ್ಟವರೇ ಹೆಚ್ಚು ಮಾಡುತ್ತಾರೆ. ಅವಳು ಎರಡು ಕಂದು ಬಾಟಲಿಗಳನ್ನು ಬೆಳಕಿಗೆ ಹಿಡಿದಳು. ಎರಡರ ಚೀಟಿಗಳೂ ಒಂದು ಮೂಲೆಯಲ್ಲಿ ಸುಕ್ಕುಗಟ್ಟಿದ್ದವು, ಒದ್ದೆಯಾಗಿ ಒಣಗಿದ ಕಾಗದದ ಹಾಗೆ. ಒಲೆಯ ಪಕ್ಕದಲ್ಲೇ ಕೆಟಲ್ಲು ಇತ್ತು. ಹಬೆಗೆ ಹಿಡಿದರೆ ಚೀಟಿ ಬಿಟ್ಟುಕೊಳ್ಳುತ್ತದೆ; ಇದರದು ಅದಕ್ಕೆ, ಅದರದು ಇದಕ್ಕೆ ಅಂಟಿಸಿದರಾಯಿತು. ಲೊರೆಟ್ಟಾಳ ಸಹಿ ಪಡೆದು ಬಾಟಲಿಗಳನ್ನು ಜಪ್ತಿ ಮಾಡಿ, ಮೊಹರು ಹಾಕಿ, ಚೀಟಿಯ ಹಿಂಬದಿಯಲ್ಲಿ ಬೆರಳಚ್ಚು ಇದೆಯೇ ನೋಡಿ ಎಂದು ಪ್ರಯೋಗಶಾಲೆಗೆ ಕಳಿಸಿದರು. ಗುರುವಾರ ಬೆಳಿಗ್ಗೆ ಹೇಳುತ್ತೇವೆ, ಅದಕ್ಕಿಂತ ಮೊದಲು ಫೋನು ಮಾಡಬೇಡಿ ಎಂದು ಉತ್ತರ ಬಂತು. ಲೂಬಾ ಅದೇ ದಿನ ಎರಡು ಸಲ ಫೋನು ಮಾಡಿದಳು.

ಡೀಲಿಯಾಳನ್ನೂ ಟ್ರೇಯನ್ನೂ ಆಸ್ಪತ್ರೆಯ ಒಂದು ಕೋಣೆಯಲ್ಲಿ ಇರಿಸಿದ್ದರು. ಬಾಗಿಲಲ್ಲಿ ಕಾವಲಿನವನೊಬ್ಬ. ಟ್ರೇ ಮಂಚದ ಮೇಲೆ ಹಾರುತ್ತಿದ್ದ. ಹಾರುವಾಗೆಲ್ಲ ಡೀಲಿಯಾಳ ಕೈ ತಾನಾಗಿ ಅವನ ತಲೆಯ ಹಿಂದಕ್ಕೆ ಹೋಗುತ್ತಿತ್ತು. ಬೀಳುವ ಮಗುವನ್ನು ಐದು ವರ್ಷ ಹಿಡಿದ ಕೈ ಅದು.

"ಬಾಟಲಿ ಮುಟ್ಟಿದ್ರಾ?" ಲೂಬಾ ಕೇಳಿದಳು.

"ನಮ್ಮದನ್ನ ದಿನಾ ಮುಟ್ತೀನಿ. ಅವರದನ್ನ ಮುಟ್ಟಿಲ್ಲ."

"ಕ್ರಿಸ್‌ಮಸ್ ಹೊತ್ತಿಗೆ ಏನಾದ್ರೂ ಬದಲಾಯ್ತಾ?"

ಡೀಲಿಯಾ ಮಗನನ್ನು ಹಿಡಿದು ಮಂಚದ ಮೇಲೆ ಕೂರಿಸಿದಳು. ಆಮೇಲೆ, ಬಚ್ಚಿಟ್ಟುಕೊಂಡು ಪ್ರಯೋಜನವಿಲ್ಲ ಎನ್ನುವವಳ ಹಾಗೆ ಹೇಳಿದಳು. "ಮೊದಮೊದಲು ಇವನು ಉಗಿತಿದ್ದ. ಕೈಕಾಲು ಹಿಡ್ಕೊಂಡು ಕುಡಿಸ್ಬೇಕಿತ್ತು. ಕ್ರಿಸ್‌ಮಸ್ ಹತ್ರ ಬಂದಾಗ ಚಮಚ ನೆಕ್ಕೋಕೆ ಶುರು ಮಾಡ್ದ. ಸಿಹಿ ಆಗಿತ್ತು. ಆಸ್ಪತ್ರೆಯೋರಿಗೆ ಕನಿಕರ ಬಂದು ರುಚಿ ಬದಲಾಯಿಸಿದ್ರು ಅಂದ್ಕೊಂಡೆ."

"ಅದೇ ಬಾಟಲಿ. ಹೊಸದು ಕೊಟ್ಟಿಲ್ಲ. ಅನುಮಾನ ಬರಲಿಲ್ವಾ?"

"ಬಂತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವೇನು ಮಾಡ್ತಿದ್ರಿ?" ಡೀಲಿಯಾ ಬಾಗಿಲಲ್ಲಿದ್ದ ಕಾವಲಿನವನ ಕಡೆ ಗಲ್ಲ ಎತ್ತಿ ತೋರಿಸಿದಳು. "ಇದೇ ಮಾಡ್ತಿದ್ರಿ."

ಬೆರಳಚ್ಚು ಕೇಳಿದಾಗ ಅವಳು ಕೊಟ್ಟಳು.

ತೀವ್ರ ನಿಗಾ ಘಟಕದ ಹೊರಗೆ ಆರ್ಲಿನ್ ವಾರ್ಕೆಂಟಿನ್ ಕೂತಿದ್ದ. ಬಾಯ್ಸವೆನ್ ಕಡೆಯವನು, ಹೊಲದ ಯಂತ್ರಗಳ ಮೆಕ್ಯಾನಿಕ್, ಎತ್ತರದ ಆಳು. ಎಷ್ಟು ತೊಳೆದರೂ ಹೋಗದ ಗ್ರೀಸು ಬೆರಳ ಬಿರುಕುಗಳಲ್ಲಿ. ಹೆಂಡತಿ ಕ್ಯಾರಲ್ ತೀರಿಕೊಂಡು ಮೂರು ವರ್ಷ. ಮಗಳನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತವನು ಕೂರಿ ಎಂದರೂ ಕೂರಲಿಲ್ಲ. ಇಬ್ಬರು ಚಡಪಡಿಕೆಯವರು ಎದುರೆದುರು ನಿಂತದ್ದು ನೋಡಿ ರೊಮೆಲ್ ತಾನೊಬ್ಬನೇ ಕೂತ.

ಬಾಟಲಿ ಅದಲುಬದಲಾಗಿದೆ ಎಂದಷ್ಟೇ ಅವನಿಗೆ ತಿಳಿಸಿದರು. ಯಾವುದರಲ್ಲಿ ಏನಿತ್ತು ಎಂಬುದನ್ನು ತನಿಖೆ ಮುಗಿಯುವವರೆಗೆ ಹೆತ್ತವರಿಬ್ಬರಿಗೂ ಹೇಳಕೂಡದೆಂದು ಲೂಬಾ ಡಾಕ್ಟರಿಗೆ ತಾಕೀತು ಮಾಡಿದ್ದಳು. ಡೀಲಿಯಾಳ ಮೇಲೆ ಅನುಮಾನವಿದೆಯೇ ಎಂದು ಕೇಳಿದಾಗ ಆರ್ಲಿನ್ ಕೂಡಲೇ ತಲೆಯಾಡಿಸಿದ.

"ಅವಳಲ್ಲ. ಅವಳನ್ನ ಬಿಟ್ಬಿಡಿ."

"ಅವಳಲ್ಲ ಅಂತ ಹೇಗೆ ಗೊತ್ತು?"

"ಅಂಥವಳಲ್ಲ, ಅಷ್ಟೆ."

ಬೆರಳಚ್ಚು ಕೊಡುವ ಮೊದಲು ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಮತ್ತೆ ಒರೆಸಿಕೊಂಡ. ಕೊನೆಗೆ ತಾನೇ ಒಂದು ಪ್ರಶ್ನೆ ಕೇಳಿದ. ಫಿಟ್ಸ್ ಹೆಚ್ಚಾಗಿ ಆಮೇಲೆ ಕಡಿಮೆಯಾಗುವುದೂ ಉಂಟೇ, ಔಷಧಿ ಹಿಡಿಯಲು ಸಮಯ ಬೇಕಾಗುತ್ತದೆಯೇ ಎಂದು. ಅದನ್ನು ಡಾಕ್ಟರನ್ನು ಕೇಳಬೇಕು ಎಂದಳು ಲೂಬಾ. ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ವಾಪಸ್ಸು ಬರುವಾಗ ಕಾರಿನಲ್ಲಿ ರೊಮೆಲ್ ತನ್ನ ತೀರ್ಪು ಕೊಟ್ಟುಬಿಟ್ಟ. "ಡೀಲಿಯಾನೇ, ಸಾರ್ಜ್. ತಪ್ಪು ಅಂತ ನಾನು ಹೇಳಲ್ಲ. ನಮ್ಮಕ್ಕ ಆಗಿದ್ರೂ ಅದನ್ನೇ ಮಾಡ್ತಿದ್ಲು. ಆದ್ರೆ ಅವಳೇ. ನಿಜವಾದ ಔಷಧಿ ಸಿಕ್ಕಿದ್ದು ಅವಳ ಮಗನಿಗೆ."

"ಯಾವುದು ನಿಜ ಅಂತ ಅವಳಿಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗ್ಬೇಕು ಅಂತೇನಿದೆ? ತನ್ನ ಮಗನಿಗೆ ಕಡಿಮೆ ಆಗ್ತಿಲ್ಲ, ಪಕ್ಕದ ಹುಡುಗಿಗೆ ಆಗ್ತಿದೆ. ಅದಲುಬದಲು."

ಮಾತು ಸರಿಯಾಗಿಯೇ ಇತ್ತು. ಲೂಬಾಳಿಗೆ ಸಿಟ್ಟು ಬಂದದ್ದು ಅದಕ್ಕೇ. ಸರಿಯಾದ ಉತ್ತರ ಕೈಯಲ್ಲಿದ್ದೂ ಮನಸ್ಸು ಒಪ್ಪದಿದ್ದರೆ ಆ ದಿನವೆಲ್ಲ ಅವಳು ಯಾರ ಮೇಲಾದರೂ ಹರಿಹಾಯುತ್ತಿದ್ದಳು. ರೊಮೆಲ್‌ಗೆ ಅದು ಗೊತ್ತಿದ್ದರಿಂದ ದಾರಿಯಲ್ಲಿ ಎರಡು ಪಾಲು ಕೆನೆ, ಎರಡು ಪಾಲು ಸಕ್ಕರೆಯ ಡಬಲ್-ಡಬಲ್ ಕಾಫಿ ತಂದು ಕೈಗಿಟ್ಟು ಸುಮ್ಮನಾದ.

ಬುಧವಾರ ಬೆಳಿಗ್ಗೆ ಅವಳು ಮೊದಲು ಟಲ್ಲಿಯವರಿಗೆ ಫೋನು ಮಾಡಿ ಒಂದೇ ವಿಷಯ ಕೇಳಿದಳು. ಅದಲುಬದಲಾಗುವ ಮೊದಲು ಟೆಸ್ಸಾಳಿಗೆ ಗುಣ ಕಂಡಿತ್ತೇ? ದೊಡ್ಡ ಫಿಟ್ಸ್ ಹಾಗೇ ಇದ್ದವು, ಸಣ್ಣವು ಮಾತ್ರ ಆಗತಾನೇ ಇಳಿಯತೊಡಗಿದ್ದವು ಎಂದರು ಟಲ್ಲಿ. ಸಣ್ಣವೆಂದರೆ ಕ್ಷಣ ಮಾತ್ರ ಕಣ್ಣು ನಿಂತುಹೋಗುವಂಥವು. ಯಂತ್ರಕ್ಕೆ ಕಾಣುತ್ತವೆ, ಮನೆಯವರಿಗೆ ಕಾಣುವುದಿಲ್ಲ. ಹಾಗಾದರೆ ಪಕ್ಕದ ಹುಡುಗಿಗೆ ಗುಣವಾಗುತ್ತಿದೆ ಎಂದು ಡೀಲಿಯಾ ಅಂದುಕೊಳ್ಳಲು ಸಾಧ್ಯವೇ ಇರಲಿಲ್ಲ. ಹೊರಗಿನಿಂದ ನೋಡಿದರೆ ಇಬ್ಬರು ಮಕ್ಕಳೂ ಒಂದೇ ಸ್ಥಿತಿಯಲ್ಲಿದ್ದರು. ಹಾಗಿದ್ದ ಮೇಲೆ ಬಾಟಲಿ ಬದಲಾಯಿಸಿದವರು ಯಾವ ಆಧಾರದ ಮೇಲೆ ಬದಲಾಯಿಸಿದರು?

ಅದನ್ನು ಕೇಳಲು ಸಿರಪ್ಪು ತಯಾರಿಸಿದವನಲ್ಲಿಗೇ ಹೋದಳು. ಇಯಾನ್ ಮೆಕ್ರಿಮನ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂರುವ ಔಷಧಿಕಾರ, ಮಾತು ಕಡಿಮೆ. ಬಣ್ಣ ಒಂದೇ, ದಪ್ಪ ಒಂದೇ, ವಾಸನೆ ಒಂದೇ. ನೋಡಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ ಎಂದ.

"ರುಚಿ?"

ಮೆಕ್ರಿಮನ್ ಕನ್ನಡಕ ತೆಗೆದು ಒರೆಸಿಕೊಂಡ. ಅದೊಂದು ತಲೆನೋವು ಎಂದ. ಇಂಥ ಪ್ರಯೋಗಕ್ಕೆ ಮಕ್ಕಳನ್ನು ಸೇರಿಸಿದ ಹೆತ್ತವರು ಚಮಚ ನೆಕ್ಕಿ ನೋಡುತ್ತಾರೆ. ನೆಕ್ಕಬೇಡಿ ಎಂದು ಹೇಳಿಯೇ ಕಳಿಸುತ್ತಾರೆ, ಅವರೂ ಇಲ್ಲ ಎಂದು ತಲೆಯಾಡಿಸಿ ಹೋಗುತ್ತಾರೆ, ಮನೆಗೆ ಹೋಗಿ ನೆಕ್ಕುತ್ತಾರೆ. ತನ್ನ ಮಗುವಿಗೆ ಸಿಕ್ಕಿರುವುದು ನಿಜವೋ ಸುಳ್ಳೋ ಎಂದು ತಿಳಿಯುವವರೆಗೆ ಅವರಿಗೆ ನೆಮ್ಮದಿಯಿಲ್ಲ. ಅವರನ್ನು ದಾರಿ ತಪ್ಪಿಸಲೆಂದು ಅವನು ಒಂದು ಉಪಾಯ ಮಾಡಿದ್ದ. ಆ ಮಾತ್ರೆ ಸಹಜವಾಗಿ ಕಹಿ, ಬಾಯಲ್ಲಿ ಇಡಲಾಗದಷ್ಟು. ನಿಜವಾದ ಸಿರಪ್ಪಿನಲ್ಲಿ ಆ ಕಹಿಯನ್ನು ಚೆರ್ರಿ ಮತ್ತು ಸಕ್ಕರೆಯಿಂದ ಮುಚ್ಚಿದ. ಸುಳ್ಳು ಸಿರಪ್ಪು ಬರೀ ಸಿಹಿಯಾಗಿಬಿಟ್ಟರೆ ಗುಟ್ಟು ರಟ್ಟಾಗುತ್ತದೆಂದು ಅದಕ್ಕೆ ಬೇರೊಂದು ಕಹಿ ಪುಡಿ ಬೆರೆಸಿದ. ಎರಡೂ ಒಂದೇ ಹದಕ್ಕೆ ಬರಬೇಕಿತ್ತು.

"ಬರಲಿಲ್ಲ," ಅಂದಳು ಲೂಬಾ.

ಅವನು ಎರಡು ಚಮಚಗಳಲ್ಲಿ ಒಂದೊಂದು ತೊಟ್ಟು ಹಾಕಿ ಮುಂದಿಟ್ಟ. ಮೊದಲನೆಯದು ಚೆರ್ರಿ ಮಿಠಾಯಿ. ಎರಡನೆಯದಕ್ಕೆ ಲೂಬಾಳ ಮುಖವೆಲ್ಲ ಕಿವುಚಿಕೊಂಡು, ಅಗಿಯುತ್ತಿದ್ದ ಗಮ್ಮನ್ನೂ ಉಗಿಯಬೇಕಾಯಿತು.

"ಇದು ಔಷಧಿ ತಾನೆ?" ಅವಳು ಎರಡನೆಯ ಚಮಚ ತೋರಿಸಿ ಕೇಳಿದಳು.

"ಅಲ್ಲ. ಅದು ಸುಳ್ಳು ಸಿರಪ್ಪು. ಕಹಿ ಜಾಸ್ತಿಯಾಯ್ತು. ಬದಲಾಯಿಸೋಣ ಅಂದ್ರೆ ಮತ್ತೆ ಅನುಮತಿ, ಮತ್ತೆ ಅರ್ಧ ವರ್ಷ. ಪ್ರಯೋಗ ನಿಂತು ಹೋಗ್ತಿತ್ತು."

ಲೂಬಾ ನೆಲಮಾಳಿಗೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಡೀಲಿಯಾ ಹೇಳಿದ್ದು ಅಕ್ಷರಶಃ ನಿಜ. ಟ್ರೇ ಉಗಿಯುತ್ತಿದ್ದದ್ದು ಸುಳ್ಳು ಸಿರಪ್ಪನ್ನು, ನೆಕ್ಕತೊಡಗಿದ್ದು ನಿಜವಾದದ್ದನ್ನು. ಆದರೆ ರುಚಿ ನೋಡುವವನಿಗೆ ಕಂಡದ್ದು ತಿರುವುಮುರುವು. ಕಹಿಯಾದದ್ದೇ ಔಷಧಿ ಎಂದು ನಂಬಿದವನು ಕಹಿ ಬಾಟಲಿಯನ್ನು ಹುಡುಕಿಕೊಂಡು ಹೋಗುತ್ತಾನೆ, ಸಿಹಿ ಬಾಟಲಿಯನ್ನು ಕೊಟ್ಟುಬಿಡುತ್ತಾನೆ. ಕಹಿ ಬಾಟಲಿ ಮೊದಲೇ ಇದ್ದದ್ದು ಡೀಲಿಯಾಳ ಡಬ್ಬದಲ್ಲಿ. ಅವಳಿಗೆ ಬದಲಾಯಿಸುವ ಅಗತ್ಯವೇ ಇರಲಿಲ್ಲ. ಸಿಹಿ ಬಾಟಲಿ ಇದ್ದದ್ದು ಇನ್ನೊಬ್ಬರ ಡಬ್ಬದಲ್ಲಿ.

ರೊಮೆಲ್‌ಗೆ ಇದನ್ನು ಹೇಳಿದಾಗ ಅವನು ತಿನ್ನಲು ಕೈಗೆತ್ತಿಕೊಂಡಿದ್ದ ಆಲೂಗಡ್ಡೆ ಕಡುಬನ್ನು, ಪಿರೋಗಿಯನ್ನು, ಡಬ್ಬಿಗೆ ವಾಪಸ್ಸು ಹಾಕಿದ. "ಅಂದ್ರೆ ಆ ಮನುಷ್ಯನಿಗೆ ಗೊತ್ತಿಲ್ಲ. ಈಗ್ಲೂ ಗೊತ್ತಿಲ್ಲ."

"ಇಲ್ಲ."

"ಹೇಳೋರು ಯಾರು, ಸಾರ್ಜ್?"

ಲೂಬಾ ಕಿಟಕಿಯ ಹತ್ತಿರ ಹೋಗಿ ನಿಂತಳು. ಅಂದಾಜು ಸಾಕ್ಷಿಯಾಗುವುದಿಲ್ಲ, ಅಂದಾಜನ್ನು ಇಟ್ಟುಕೊಂಡು ಇಲಾಖೆಯವರ ಮುಂದೆ ನಿಂತರೆ ಅವರು ನಕ್ಕು ಟ್ರೇಯನ್ನು ಎತ್ತಿಕೊಂಡು ಹೋಗುತ್ತಾರೆ. ಬೆರಳಚ್ಚು ಬರಬೇಕು. ಅಂದಿನ ಉಳಿದ ಹೊತ್ತನ್ನು ಅವಳು ಹೇಗೆ ಕಳೆದಳೆಂಬುದನ್ನು ಠಾಣೆಯವರು ನೆನಪಿಸಿಕೊಳ್ಳಲು ಇಷ್ಟಪಡುವುದಿಲ್ಲ.

ಗುರುವಾರ ಹತ್ತೂಮುಕ್ಕಾಲಿಗೆ ಪ್ರಯೋಗಶಾಲೆಯಿಂದ ಫೋನು ಬಂತು. ಟ್ರೇಯ ಹೆಸರಿದ್ದ ಚೀಟಿಯ ಅಂಟಿನಲ್ಲಿ ಒಂದು ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಉಳಿದಿತ್ತು. ಆರ್ಲಿನ್ ವಾರ್ಕೆಂಟಿನ್‌ನ ಬಲಗೈಯದು. ಪಕ್ಕದ ಕೋಣೆಯವರ ಮಗನ ಚೀಟಿಯ ಹಿಂಬದಿಯನ್ನು ಮುಟ್ಟಲು ಅವನಿಗೆ ನ್ಯಾಯವಾದ ಕಾರಣ ಯಾವುದೂ ಇರಲಿಲ್ಲ. ಲೂಬಾ ಬಂಧನದ ಕಾಗದಕ್ಕೆ ಸಹಿ ಮಾಡಿಸಿಕೊಂಡು ರೊಮೆಲ್‌ನ ಗಾಡಿ ಹತ್ತಿದಳು.

ಆರ್ಲಿನ್ ಅದೇ ಕುರ್ಚಿಯ ಮುಂದೆ ನಿಂತಿದ್ದ. ಅವನನ್ನು ಹೆತ್ತವರಿಗೆಂದು ಇರುವ ಸಣ್ಣ ಕೋಣೆಗೆ ಕರೆದು ಬಾಗಿಲು ಹಾಕಿ, ವಕೀಲರನ್ನು ಕರೆಸಿಕೊಳ್ಳುವ ಹಕ್ಕಿದೆ ಎಂದು ಓದಿ ಹೇಳಿದರು. ವಕೀಲ ಬೇಡ ಎಂದ. ಹೆಬ್ಬೆರಳಿನ ಗುರುತಿನ ವಿಷಯ ಹೇಳಿ ಮುಗಿಸುವ ಮೊದಲೇ ಒಪ್ಪಿಕೊಂಡ.

ಅವನ ಹೇಳಿಕೆಯ ಸಾರ ಇದು. ಕ್ಯಾರಲ್ ತೀರಿಕೊಂಡ ವರ್ಷದ ಚಳಿಗಾಲದಲ್ಲಿ ಅವನಿಗೆ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಊರಿನಲ್ಲಿ ಯಾರಿಗೂ ತಿಳಿಯಬಾರದೆಂದು ಬ್ರಾಂಡನ್ ಪಟ್ಟಣಕ್ಕೆ ಹೋಗಿ ಒಬ್ಬ ಡಾಕ್ಟರನ್ನು ಕಂಡ. ಅವರು ಬರೆದುಕೊಟ್ಟದ್ದು ಇದೇ ಮಾತ್ರೆ. ನಾಲಿಗೆಗೆ ತಗುಲಿದರೆ ಅರ್ಧ ದಿನ ಹೋಗದ ಕಹಿ. ಆರು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಎದ್ದು ಮಗಳಿಗೆ ತಲೆ ಬಾಚಿದ. ಅಂದಿನಿಂದ ಆ ಕಹಿಯನ್ನು ಅವನು ಮರೆತಿರಲಿಲ್ಲ. ಪ್ರಯೋಗದಲ್ಲಿ ಇರುವುದು ಅದೇ ಔಷಧಿ ಎಂದು ಕೇಳಿದಾಗ ಇದು ದೇವರ ಕೆಲಸ ಎಂದುಕೊಂಡ. ಟೆಸ್ಸಾಳ ಚಮಚ ನೆಕ್ಕಿದ, ಸಿಹಿ. ಡಿಸೆಂಬರ್ ನಡುವಿನಲ್ಲಿ ಒಂದೇ ದಿನ ಅವಳಿಗೆ ಮೇಲಿಂದ ಮೇಲೆ ಫಿಟ್ಸ್ ಬಂತು. ಅಂದು ಮಧ್ಯಾಹ್ನ ಅಡುಗೆಮನೆಯ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಬಿದ್ದಿದ್ದ ಟ್ರೇಯ ಚಮಚ ನೆಕ್ಕಿ ನೋಡಿದ. ಅದೇ ಕಹಿ ಎಂದು ನಾಲಿಗೆ ಹೇಳಿತು. ಮರುದಿನ ಎಲ್ಲರೂ ಆಸ್ಪತ್ರೆಗೆ ಹೋಗಿದ್ದ ಹೊತ್ತಿನಲ್ಲಿ ಕೆಟಲ್ಲು ಇಟ್ಟ.

"ನಿಮ್ಮ ಮಾತ್ರೆನೇ ಕೊಡಬಹುದಿತ್ತಲ್ಲ?" ಲೂಬಾ ಕೇಳಿದಳು.

"ಅಳತೆ ಗೊತ್ತಿಲ್ಲ. ಹೆಚ್ಚಾದ್ರೆ ಫಿಟ್ಸ್ ಅದೇ ತರಿಸತ್ತೆ ಅಂದಿದ್ರು. ಅವಳ ಜೀವದ ಜೊತೆ ಆಟ ಆಡೋಕಾಗಲ್ಲ."

"ಟ್ರೇ?"

"ಅವನು ಚಿಕ್ಕವನು. ಅವನಿಗಿನ್ನೂ ಸಮಯ ಇದೆ ಅಂದ್ಕೊಂಡೆ." ಅವನು ತನ್ನ ಕೈಗಳನ್ನು ನೋಡಿಕೊಂಡ. "ಅವನು ಹುಷಾರಾಗ್ತಾ ಬಂದ. ಅದು ನೋಡಿ ಒಂಥರಾ ಸಮಾಧಾನ ಆಯ್ತು. ಔಷಧಿ ಇಲ್ದೇನೂ ಹುಷಾರಾದ, ನಾನು ಅವನಿಗೆ ಕೇಡು ಮಾಡಿಲ್ಲ ಅಂತ."

"ಟೆಸ್ಸಾಗೆ ಹೆಚ್ಚಾಗ್ತಾ ಹೋಯ್ತಲ್ಲ."

"ನನಗೂ ಆರು ವಾರ ಹಿಡೀತು. ಕಾಯ್ತಿದ್ದೆ."

ರೊಮೆಲ್ ಬರೆಯುವುದನ್ನು ನಿಲ್ಲಿಸಿದ. ಹೇಳಲೇಬೇಕೆಂಬ ಕಾನೂನಿಲ್ಲ, ವಕೀಲರು ಹೇಳಲಿ, ಡಾಕ್ಟರು ಹೇಳಲಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಆ ಮನುಷ್ಯ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಅಪರಿಚಿತರ ಬಾಯಿಂದ ಅದನ್ನು ಕೇಳುವುದು ಲೂಬಾಳಿಗೆ ಬೇಕಿರಲಿಲ್ಲ. ಮೂರು ದಿನಗಳಲ್ಲಿ ಮೊದಲ ಸಲ ಅವಳು ಕುರ್ಚಿಯಲ್ಲಿ ಕೂತಳು. ಕಹಿ ಪುಡಿ ಬೆರೆಸಿದ್ದು ಸುಳ್ಳು ಸಿರಪ್ಪಿಗೆ, ಸಿಹಿ ಮಾಡಿದ್ದು ನಿಜವಾದ ಔಷಧಿಯನ್ನು ಎಂದು ಹೇಳಿದಳು. ಯಾಕೆ ಹಾಗೆ ಮಾಡಿದರು ಎಂಬುದನ್ನೂ ಹೇಳಿದಳು.

ಅವನು ಕೈಯನ್ನು ಮತ್ತೆ ಪ್ಯಾಂಟಿಗೆ ಒರೆಸಿಕೊಂಡ.

"ಅಂದ್ರೆ ನನ್ನ ಮಗಳ ಹತ್ರಾನೇ ಇತ್ತು," ಅಂದ.

"ಹೌದು."

"ನಾನು ತೆಗೆದೆ."

ಅಷ್ಟು ದೊಡ್ಡ ಆಳು ಗೋಡೆಗೆ ಒರಗಿ, ಜಾರಿ, ನೆಲದ ಮೇಲೆ ಕೂತುಬಿಟ್ಟ. ಕೈಕೋಳ ತೊಡಿಸಲು ರೊಮೆಲ್ ಅವನ ಪಕ್ಕದಲ್ಲಿ ಮಂಡಿಯೂರಬೇಕಾಯಿತು. ಹನ್ನೊಂದು ಐವತ್ತಕ್ಕೆ, ಜೀವಕ್ಕೆ ಅಪಾಯವಾಗುವಂತೆ ಔಷಧಿ ಬದಲಾಯಿಸಿದ ಆರೋಪದ ಮೇಲೆ ಬಂಧನವಾಯಿತೆಂದು ದಾಖಲಾಯಿತು.

ಕರೆದೊಯ್ಯುವ ದಾರಿಯಲ್ಲಿ ಡೀಲಿಯಾಳ ಕೋಣೆ ಸಿಗುತ್ತದೆ. ಕಾವಲು ತೆಗೆಸಲು ಲೂಬಾ ಆಗಲೇ ಹೇಳಿ ಕಳಿಸಿದ್ದರಿಂದ ಅವಳಿಗೆ ವಿಷಯ ತಿಳಿದಿತ್ತು. ಟ್ರೇಯನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದು ರೊಮೆಲ್ ಅಡ್ಡ ನಿಂತ.

"ಒಂದೇ ಟೇಬಲ್ಲಲ್ಲಿ ಉಣ್ತಿದ್ವಿ, ಆರ್ಲಿನ್," ಅಂದಳು. "ನನ್ನ ಮಗನ್ನ ಇವತ್ತು ಮೂರು ಗಂಟೆಗೆ ಎತ್ಕೊಂಡು ಹೋಗ್ತಿದ್ರು. ನೀನು ಗೊತ್ತಿದ್ದೂ ಬಾಯಿ ಬಿಡಲಿಲ್ಲ."

ಅವಳಲ್ಲ ಎಂದು ಹೇಳಿದ್ದೆ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿಕೊಂಡು ನಡೆದ.

ಇಲಾಖೆಯ ಹೆಂಗಸು ಹೇಳಿದ ಹೊತ್ತಿಗೆ ಸರಿಯಾಗಿ, ಮೂರಕ್ಕೆ, ಬಂದಳು. ಟ್ರೇಯ ಮೇಲಿನ ಪ್ರಕರಣ ಮುಗಿಯಿತೆಂದು ಲೂಬಾ ಹೇಳಿದಳು. ಹೆಂಗಸು ಒಳ್ಳೆಯದು ಎಂದಳು, ಹಾಗೆಂದವಳು ಹೋಗದೆ ನಿಂತಳು. ಈಗ ಟೆಸ್ಸಾಳ ಪ್ರಶ್ನೆ. ತಾಯಿಯಿಲ್ಲ, ತಂದೆ ಬಂಧನದಲ್ಲಿದ್ದಾನೆ, ಇರುವ ಒಬ್ಬ ಚಿಕ್ಕಮ್ಮ ಆಲ್ಬರ್ಟಾದಲ್ಲಿ. ಹಿಮಬಿರುಗಾಳಿಗೆ ವಿಮಾನಗಳು ನಿಂತು ಶನಿವಾರದವರೆಗೆ ಬರಲಾರಳು. ಹುಡುಗಿಯನ್ನು ಇಲಾಖೆಯ ಸುಪರ್ದಿಗೆ ತೆಗೆದುಕೊಳ್ಳಬೇಕಾಗುತ್ತದೆ ಎಂದು ಹೆಂಗಸು ಪೆನ್ನು ತೆಗೆದಳು. ಅವಳು ಕೆಟ್ಟವಳೇನಲ್ಲ; ಅವಳ ಕೆಲಸ ಅದು.

ಡೀಲಿಯಾ ಊರಿಗೆ ಹೊರಡಲು ಚೀಲ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಪ್ರಯೋಗದಿಂದ ಟ್ರೇಯ ಹೆಸರು ಹೋಗಿತ್ತು, ಆದರೆ ಔಷಧಿಯನ್ನು ಬೇರೆಯಾಗಿ ಬರೆದುಕೊಡುವುದಾಗಿ ಟಲ್ಲಿ ಮಾತು ಕೊಟ್ಟಿದ್ದರು. ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ ಎಂದೂ ಸೇರಿಸಿದ್ದರು. ಈ ಆಸ್ಪತ್ರೆಯನ್ನು ಇನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂಬ ಮುಖದಲ್ಲಿದ್ದವಳು ಚೀಲ ಕೆಳಗಿಟ್ಟಳು.

"ಆ ಮಗು ಕಣ್ಣು ಬಿಟ್ಟಾಗ ಪಕ್ಕದಲ್ಲಿ ಯಾರಿರ್ತಾರೆ?" ಎಂದು ಇಲಾಖೆಯವಳನ್ನು ಕೇಳಿದಳು.

"ನರ್ಸ್ ಇರ್ತಾರೆ."

"ನರ್ಸ್ ಅವಳಿಗೆ ಗೊತ್ತಿಲ್ಲ. ನಾನು ಗೊತ್ತು. ನಾನು ಕೂರ್ತೀನಿ. ಅವಳ ಚಿಕ್ಕಮ್ಮ ಬರೋವರೆಗೂ ನೀವೇನೂ ಬರ್ಕೋಬೇಡಿ."

ನಿಯಮದಲ್ಲಿ ಅದಕ್ಕೆ ಜಾಗವಿಲ್ಲ ಎಂದು ಹೆಂಗಸು ಹೇಳತೊಡಗಿದಳು. ಲೂಬಾ ಅವಳನ್ನು ಪಕ್ಕಕ್ಕೆ ಕರೆದು ಏನು ಹೇಳಿದಳೋ ಗೊತ್ತಿಲ್ಲ. ಪೆನ್ನು ಚೀಲಕ್ಕೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಲೂಬಾ ಠಾಣೆಯ ಲಾಕಪ್ಪಿಗೆ ಇಳಿದುಹೋದಳು. ಆರ್ಲಿನ್ ಮಲಗಿರಲಿಲ್ಲ, ತಿಂಡಿಯ ತಟ್ಟೆ ಮುಟ್ಟದೆ ಉಳಿದಿತ್ತು. ಟೆಸ್ಸಾ ಕಣ್ಣು ಬಿಟ್ಟಳು, ನೀರು ಕುಡಿದಳು, ಅಪ್ಪ ಎಲ್ಲಿ ಎಂದು ಕೇಳಿದಳು ಎಂದು ಲೂಬಾ ಹೇಳಿದಳು. ನಿಜವಾದ ಔಷಧಿಯನ್ನು ಮತ್ತೆ ಶುರು ಮಾಡಿದ್ದಾರೆ; ಹಿಡಿಯುತ್ತದೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ. ಅವನು ಎಲ್ಲಕ್ಕೂ ತಲೆಯಾಡಿಸಿದ. ಹೆದರಿದ್ದವನು, ಒಬ್ಬಂಟಿ, ತನ್ನನ್ನು ಒಮ್ಮೆ ಬದುಕಿಸಿದ್ದೇ ಮಗಳನ್ನೂ ಬದುಕಿಸುತ್ತದೆಂದು ನಂಬಿದ್ದವನು. ಆ ನಂಬಿಕೆಗಾಗಿ ಇನ್ನೊಬ್ಬರ ಮಗುವಿನ ಪಾಲಿಗೆ ಕೈ ಹಾಕಿದ್ದ.

"ಅವಳ ಹತ್ರ ಯಾರಿದ್ದಾರೆ?" ಎಂದು ಕೇಳಿದ.

"ಟ್ರೇಯ ಅಮ್ಮ."

ಬಂಧನವಾದಾಗಲೂ, ಸತ್ಯ ತಿಳಿದಾಗಲೂ ಅಳದಿದ್ದ ಮನುಷ್ಯ ಆಗ ಅತ್ತ. ಲೂಬಾ ಬಾಗಿಲ ಹತ್ತಿರ ನಿಂತಿದ್ದು, ಅವನ ಅಳು ನಿಂತ ಮೇಲೆ ತಟ್ಟೆಯನ್ನು ಅವನ ಕಡೆಗೆ ಸರಿಸಿ, ಮೇಲೆ ಹೋದಳು.